ಚುಕ್ಕೆಗಳ ಹಿಂದಿನ ಹೆಸರು

ತಪ್ಪು ಎಲ್ಲಿದೆ ಎಂಬುದು ಸಂಘಮಿತ್ರಾಳಿಗೆ ಬೆಳಿಗ್ಗೆ ಕಚೇರಿಯ ಕೀಲಿ ತೆಗೆದು, ಕಂಪ್ಯೂಟರ್ ಹಚ್ಚಿ, ಆ ಒಂದು ಸಾಲು ಓದಿದ ಕೂಡಲೇ ಗೊತ್ತಾಗಿಹೋಗಿತ್ತು. ಇನ್ನುಳಿದದ್ದು ಗೊತ್ತಿಲ್ಲದವಳ ಹಾಗೆ ಕೂತಿರುವ ಕೆಲಸ. ಅದೇನು ಮಹಾ ಎಂದುಕೊಂಡಿದ್ದಳು. ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಅಂಗೈ ಬೆವರಿ ಮೌಸ್ ಜಾರತೊಡಗಿತು. ಬಿಳಿಯ ಪರದೆಯ ಎಡಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇದ್ದದ್ದು ಇಷ್ಟೇ: ಡೇಟಾಬೇಸ್ ಜೊತೆ ಸಂಪರ್ಕ ಸಾಧ್ಯವಾಗಲಿಲ್ಲ. ಯಾಕೆ ಸಾಧ್ಯವಾಗಲಿಲ್ಲ ಎಂಬ ವಿವರ ಇಲ್ಲ. ಅದನ್ನು ಬೇಕೆಂದೇ ಬಚ್ಚಿಟ್ಟಿದ್ದೇನೆ ಎಂದು ಈ ಪುಟ ಕಟ್ಟಿಕೊಟ್ಟ ಗುರುನಾಥ ಹಿಂದೊಮ್ಮೆ ಹೇಳಿದ್ದ. ಏನಾಯಿತು ಎನ್ನುವುದನ್ನು ಬಂದವರಿಗೆಲ್ಲ ಹೇಳಬೇಕು, ಯಾಕಾಯಿತು ಎನ್ನುವುದನ್ನು ಹೇಳಬಾರದು, ಹೇಳಿದರೆ ಒಳಗಿನ ಗುಟ್ಟು ಹೊರಗೆ ಬೀಳುತ್ತದೆ. ಆ ಮಾತು ಅವತ್ತು ಅವಳಿಗೆ ಬಹಳ ಹಿಡಿಸಿತ್ತು. ಈಗ ಅವಳು ಪುಟವನ್ನು ಮತ್ತೆ ಮತ್ತೆ ತೆರೆದು, ಮತ್ತೆ ಮತ್ತೆ ಅದೇ ಸಾಲನ್ನು ಓದುತ್ತ ಕೂತಳು.

ಇಂಡಿ ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ಈ ಎರಡು ಕೋಣೆಯ ಕಚೇರಿ ಲಿಂಬೆ ಬೆಳೆಯುವ ಹೆಂಗಸರ ಒಕ್ಕೂಟದ್ದು. ತಾಂಬಾ ಸುತ್ತಲಿನ ಊರುಗಳಿಂದ ಹಿಡಿದು ಸಿಂದಗಿ ಸೀಮೆಯವರೆಗಿನ ಹೆಣ್ಣುಮಕ್ಕಳು, ತಮ್ಮ ತೋಟದಲ್ಲಿ ನಾಳೆ ಎಷ್ಟು ಚೀಲ ಕೀಳುತ್ತೇವೆಂಬುದನ್ನು ಹಿಂದಿನ ದಿನವೇ ಮೊಬೈಲಿನಲ್ಲಿ ಹಾಕುತ್ತಾರೆ. ಮರುದಿನ ಮಧ್ಯಾಹ್ನ ಈ ಪುಟ ತೆರೆದರೆ ಲಾರಿ ಯಾವ ಊರಿನ ಯಾವ ತೋಟದ ಮುಂದೆ ನಿಲ್ಲಬೇಕು ಎಂಬುದು ಸಾಲಾಗಿ ಬರುತ್ತದೆ. ತೆರೆಯದಿದ್ದರೆ ಲಾರಿ ಇಲ್ಲ. ಲಾರಿ ಇಲ್ಲದಿದ್ದರೆ ಕಿತ್ತ ಕಾಯಿ ತೋಟದಲ್ಲೇ ಬಾಡಬೇಕು, ಇಲ್ಲವೇ ಸಂಜೆ ಮೋಟಾರ್ ಸೈಕಲ್ ಮೇಲೆ ಬರುವ ದಲ್ಲಾಳಿಯ ಬಾಯಿಗೆ ಬಂದ ದರಕ್ಕೆ ಹೋಗಬೇಕು. ಒಕ್ಕೂಟ ಹುಟ್ಟಿದ್ದೇ ಆ ಮನುಷ್ಯನ ಮುಂದೆ ಕೈಕಟ್ಟಿ ನಿಲ್ಲುವುದು ತಪ್ಪಲಿ ಎಂದು. ಸಾಮಾನು ನೋಡಿಕೊಳ್ಳುವ ಗುಂಡವ್ವ, ವಯಸ್ಸಿನಲ್ಲಿ ದೊಡ್ಡವಳು, ಬಂದವಳೇ ಪರದೆ ನೋಡಿ, ನಿನ್ನೆಯ ಗಾಳಿಗೆ ಎಲ್ಲೋ ವಾಯರ್ ಹರಿದಿರಬೇಕು ಅಂದಳು. ಇರಬಹುದು ಅಂದಳು ಸಂಘಮಿತ್ರಾ. ವಾಯರ್ ಹರಿದಿರಲಿ ಎಂದು ನಿಜವಾಗಿಯೂ ಬೇಡಿಕೊಂಡಳು, ಯಾರನ್ನು ಬೇಡಿಕೊಳ್ಳುತ್ತಿದ್ದೇನೆ ಎಂಬುದು ಗೊತ್ತಿಲ್ಲದೆ.

ನಿನ್ನೆ ಸಂಜೆ ಕಚೇರಿಯಲ್ಲಿ ಬೇರೆ ಯಾರೂ ಇರಲಿಲ್ಲ, ಅಧ್ಯಕ್ಷೆ ತಿಪ್ಪವ್ವನ ಹೊರತು. ಅವಳೂ ಹೊರಡುವ ಗಡಿಬಿಡಿಯಲ್ಲಿದ್ದಳು. ಮುದ್ದೇಬಿಹಾಳದ ಕಡೆ ತಮ್ಮ ಅಮೋಘಸಿದ್ಧ ಕುರಿಹಟ್ಟಿ ಹಾಕಿದ್ದಾನೆ, ಅವನಿಗೆ ರೊಟ್ಟಿ ಚಟ್ನಿ ಮುಟ್ಟಿಸಿ ನಾಳೆ ಸಂಜೆಗೆ ಬರುತ್ತೇನೆ ಎಂದು ಗಂಟು ಕಟ್ಟಿಕೊಂಡು ನಿಂತಿದ್ದಳು. ಪಾಸ್‌ವರ್ಡನ್ನು ಆಗಾಗ ಬದಲಿಸುತ್ತಿರಬೇಕೆಂದು ಗುರುನಾಥ ಹೇಳಿಹೋಗಿದ್ದ. ಬದಲಿಸಬೇಕಾದರೆ ತಿಪ್ಪವ್ವನ ಮೊಬೈಲಿಗೆ ಓಟಿಪಿ ಬರುತ್ತದೆ. ತಿಪ್ಪವ್ವ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿ, ಏನು ಎತ್ತ ಎಂದು ಕೇಳದೆ ಬಸ್ಸಿಗೆ ನಡೆದಳು. ಪರದೆ ಹೊಸ ಪಾಸ್‌ವರ್ಡ್ ಕೊಡು ಎಂದಿತು. ಸಂಘಮಿತ್ರಾ ಊರಿನ ಹೆಸರು ಹಾಕಿದಳು; ಕೆಳಗಿನ ಪಟ್ಟಿ ಕೆಂಪಗಾಗಿ, ದುರ್ಬಲ ಎಂದಿತು. ಮಗಳ ಹೆಸರು ಹಾಕಿದಳು, ಅದೂ ದುರ್ಬಲ. ಬೆರಳುಗಳು ಕೀಲಿಮಣೆಯ ಮೇಲೆ ಸುಮ್ಮನೆ ನಿಂತವು. ಆಮೇಲೆ ಅವು ತಾವಾಗಿಯೇ ನಡೆದವು ಎಂದು ಅವಳು ಇವತ್ತು ಬೆಳಗಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಳೆ, ಆದರೆ ಬೆರಳುಗಳಿಗೇನು ತಿಳಿಯುತ್ತದೆ. ಗುರುನಾಥ ಎಂದು ಹೊಡೆದಳು. ಹಿಂದೆ ಒಂದು ಚಿಹ್ನೆ, ಒಂದಿಷ್ಟು ಅಂಕಿ. ಪಟ್ಟಿ ಹಸಿರಾಯಿತು, ಬಲವಾಗಿದೆ ಎಂದಿತು. ಪರದೆಯ ಮೇಲೆ ಕಂಡದ್ದು ಬರೀ ಕಪ್ಪು ಚುಕ್ಕೆಗಳು. ಇನ್ನೊಮ್ಮೆ ಹೊಡೆದು ಖಚಿತಪಡಿಸು ಎಂದು ಕೇಳಿತು, ಇನ್ನೊಮ್ಮೆ ಹೊಡೆದಳು. ಎರಡನೆಯ ಸಲ ಬೆರಳು ತಡವರಿಸಲೇ ಇಲ್ಲ. ಕಿವಿ ಬಿಸಿಯಾಗಿ, ಯಾರೋ ಬಂದರೆನ್ನುವಂತೆ ಕಂಪ್ಯೂಟರ್ ಆರಿಸಿ, ಬಾಗಿಲು ಹಾಕಿಕೊಂಡು ಹೊರಟುಬಿಟ್ಟಳು.

ಆ ಗಾಬರಿಯಲ್ಲಿ ಮಾಡಬೇಕಾದ ಇನ್ನೊಂದು ಕೆಲಸ ಉಳಿಯಿತು. ಪಾಸ್‌ವರ್ಡ್ ಎನ್ನುವುದು ಎರಡು ಕಡೆ ಇರುತ್ತದೆ ಎಂದು ಗುರುನಾಥ ಬಿಡಿಸಿ ಹೇಳಿದ್ದ: ಒಂದು ಮಾಹಿತಿ ತುಂಬಿದ ಕೋಣೆಯ ಬೀಗದಲ್ಲಿ, ಇನ್ನೊಂದು ಆ ಕೋಣೆಯನ್ನು ತೆಗೆಯುವ ನಮ್ಮ ಪುಟದ ಕಿಸೆಯಲ್ಲಿ. ಬೀಗ ಬದಲಿಸಿದರೆ ತಕ್ಷಣ ನನಗೆ ಫೋನ್ ಮಾಡಿ ಹೊಸದನ್ನು ಹೇಳಿ, ಕಿಸೆಯೊಳಗಿನದನ್ನು ನಾನು ಇಲ್ಲಿಂದಲೇ ಬದಲಿಸುತ್ತೇನೆ ಎಂದಿದ್ದ. ಮರೆತಿದ್ದಳೇ? ಮರೆತಿದ್ದರೆ ಇಷ್ಟು ಬೆವರುತ್ತಿರಲಿಲ್ಲ. ಆ ಹೆಸರನ್ನು ಆರಿಸಿದ್ದು ಅದನ್ನು ಅವನಿಗೇ ಹೇಳಬೇಕಾಗುತ್ತದೆಂದು ಗೊತ್ತಿದ್ದೇ ಇರಬಹುದೇ ಎಂಬ ಅನುಮಾನ ಬಂದಾಗ ಎದ್ದುಹೋಗಿ ಮಣ್ಣಿನ ಮಾಠದ ನೀರು ಕುಡಿದು ಬಂದಳು. ತನ್ನೊಳಗೆ ತನಗೇ ತಿಳಿಯದ ಒಬ್ಬಳು ಕೂತು ಇಂಥ ಕೆಲಸ ಮಾಡುತ್ತಾಳೆಂದರೆ ನಾಳೆ ಇನ್ನೇನು ಮಾಡಿಯಾಳು ಎಂದು ನಿಜಕ್ಕೂ ಹೆದರಿದಳು.

ಇಷ್ಟಕ್ಕೂ ಅವನ ಅವಳ ನಡುವೆ ಏನಿತ್ತು. ಏನೂ ಇರಲಿಲ್ಲ. ಬಸವನ ಬಾಗೇವಾಡಿಯಲ್ಲಿ ಕಂಪ್ಯೂಟರ್ ತರಗತಿ ನಡೆಸುವ ಮನುಷ್ಯ. ಹೋದ ಮಳೆಗಾಲದಲ್ಲಿ ಕೆಲವು ಮಧ್ಯಾಹ್ನ ಬಂದು ಈ ಪುಟದ ಕೆಲಸ ಕಲಿಸಿಹೋದ. ಹೆಂಡತಿ ಇದ್ದಾಳೆ, ಡಬ್ಬಿಯಲ್ಲಿ ಅವಳು ಕಟ್ಟಿದ ಶೇಂಗಾ ಚಟ್ನಿಪುಡಿ, ರೊಟ್ಟಿ ತರುತ್ತಿದ್ದ. ನನಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಸಂಘಮಿತ್ರಾ ಮೊದಲ ದಿನವೇ ಕೈಚೆಲ್ಲಿದಾಗ ಅವನು ಕೀಲಿಮಣೆಯನ್ನು ಅವಳ ಕಡೆ ತಿರುಗಿಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಅವಳು ತಪ್ಪು ಮಾಡಿದಳು. ಅವನ ಕೈ ಮುಂದೆ ಬರಲಿಲ್ಲ. ಮತ್ತೆ ತಪ್ಪು ಮಾಡಿದಳು, ಬರಲಿಲ್ಲ. ಸೈಕಲ್ ಕಲಿಸಿದ ಅಪ್ಪ ಹ್ಯಾಂಡಲ್ ಬಿಟ್ಟಿರಲಿಲ್ಲ, ಸ್ಕೂಟಿ ಕಲಿಸಲು ಹೊರಟ ಗಂಡ, ಹೈಸ್ಕೂಲ್ ಮಾಸ್ತರ ಪರಮಾನಂದ, ಅರ್ಧ ದಾರಿಯಲ್ಲಿ ಕೊಡಿಲ್ಲಿ ಎಂದು ಕಸಿದುಕೊಂಡಿದ್ದ, ಇಬ್ಬರೂ ಪ್ರೀತಿಯಿಂದಲೇ. ಬೆನ್ನ ಹಿಂದೆ ಕೈ ಕಟ್ಟಿಕೊಂಡು ಕಾಯುವ ಗಂಡಸನ್ನು ಅವಳು ಅವತ್ತೇ ನೋಡಿದ್ದು. ಅಷ್ಟೇ. ಇಷ್ಟು ಸಣ್ಣದಕ್ಕೆ ಮನಸ್ಸು ಜಾರಿತೆಂದು ಯಾರಿಗಾದರೂ ಹೇಳಿದರೆ ನಕ್ಕಾರು.

ಫೋನ್ ಮಾಡದೆ ಗತಿಯಿರಲಿಲ್ಲ. ಗುಂಡವ್ವನೇ ತನ್ನ ಮೊಬೈಲಿನಿಂದ ಹಚ್ಚಿ, ಸ್ಪೀಕರ್ ಹಾಕಿ, ಮೇಜಿನ ನಡುವೆ ಇಟ್ಟಳು. ಹಿಂದೆ ಹುಡುಗರು ಟಕಟಕ ಟೈಪ್ ಮಾಡುತ್ತಿರುವ ಸದ್ದು. ಗುರುನಾಥ ಅವಸರ ಮಾಡಲಿಲ್ಲ, ಅದು ಅವನ ಸ್ವಭಾವವಲ್ಲ. ಮೊದಲು ಇಂಟರ್ನೆಟ್ ಇದೆಯೇ ನೋಡಿ ಅಂದ. ಇತ್ತು. ಬೇರೆ ಪುಟಗಳು ತೆರೆಯುತ್ತವೆಯೇ. ತೆರೆಯುತ್ತಿದ್ದವು. ನಮ್ಮದೇ ಮುಖಪುಟ? ಅದೂ ತೆರೆಯಿತು. ಹಾಗಾದರೆ ಪುಟ ಇರುವ ಯಂತ್ರ ಬದುಕಿದೆ, ಮಾಹಿತಿ ಇರುವ ಯಂತ್ರವನ್ನು ನೋಡಬೇಕು ಅಂದ. ಏನೋ ಹೊಡೆದ, ಅದೂ ಬದುಕಿದೆ ಅಂದ. ವಿಳಾಸ ಸರಿ ಇದೆ ಅಂದ. ಬಳಕೆದಾರನ ಹೆಸರು ಸರಿ ಇದೆ ಅಂದ. ಒಂದೊಂದು ಬಾಗಿಲನ್ನೂ ತಟ್ಟಿ, ಇಲ್ಲಿಲ್ಲ ಎಂದು ಮುಂದಿನ ಬಾಗಿಲಿಗೆ ಬರುತ್ತಿದ್ದಾನೆ, ತಾನು ಅಡಗಿರುವ ಕೋಣೆಗೆ ಇನ್ನು ಎರಡೋ ಮೂರೋ ಬಾಗಿಲು ಉಳಿದಿವೆ ಎಂದು ಸಂಘಮಿತ್ರಾಳಿಗೆ ಅನಿಸಿತು. ಅವನ ದನಿಯಲ್ಲಿ ಅನುಮಾನವಿರಲಿಲ್ಲ, ಕೆಲಸವಿತ್ತು. ಅದೇ ತಡೆಯಲಾಗದ್ದು.

"ಪಾಸ್‌ವರ್ಡ್ ಯಾರರ ಬದಲಿ ಮಾಡ್ಯಾರೇನ್ರಿ ಮೇಡಂ?"

"ಇಲ್ರಿ ಸರ್," ಅಂದಳು ಸಂಘಮಿತ್ರಾ.

ಬಾಯಿಂದ ಹೊರಬಿದ್ದದ್ದು ಅಷ್ಟೇ, ಆದರೆ ಅದು ಮೇಜಿನ ಮೇಲೆ ಫೋನಿನ ಪಕ್ಕದಲ್ಲೇ ಕೂತುಕೊಂಡಿತು. ಅವನು ನಂಬಿದ. ನಂಬಿದ್ದರಿಂದ ದಾರಿ ತಪ್ಪಿದ. ಹಾಗಾದರೆ ಯಂತ್ರ ಬಾಡಿಗೆಗೆ ಕೊಟ್ಟ ಕಂಪನಿಯವರ ಕಡೆಯೇ ಏನೋ ಆಗಿದೆ, ಅವರನ್ನು ಹಿಡಿಯುತ್ತೇನೆ, ಅವರು ಸಿಗುವುದು ತಡವಾಗುತ್ತದೆ ಎಂದು ಫೋನ್ ಇಟ್ಟ. ಗುಂಡವ್ವ ಅಷ್ಟರಲ್ಲಿ ಊರೂರಿನ ಗುಂಪುಗಳಿಗೆ ಫೋನ್ ಹಚ್ಚತೊಡಗಿದಳು. ಅರ್ಧ ಜನ ಎತ್ತಲಿಲ್ಲ, ಮುಳ್ಳಿನ ಗಿಡದೊಳಗೆ ಕೈ ಹಾಕಿ ಕಾಯಿ ಕೀಳುವವರು ಫೋನ್ ಎಲ್ಲಿ ಎತ್ತುತ್ತಾರೆ. ಎತ್ತಿದವರು ಚೀಲ ಹೊಲಿಯುತ್ತಿದ್ದೇವೆ, ಲಾರಿ ಎಷ್ಟೊತ್ತಿಗೆ ಎಂದು ತಿರುಗಿ ಇವಳನ್ನೇ ಕೇಳಿದರು. ಲಾರಿಯ ಕುತುಬುದ್ದೀನ ಓಣಿಯ ಬಾಯಲ್ಲಿ ಗಾಡಿ ನಿಲ್ಲಿಸಿ ಬಂದು ಹೊಸ್ತಿಲಲ್ಲಿ ಕೂತಿದ್ದ. ಮಾತು ಕಡಿಮೆಯ ಮನುಷ್ಯ. ಮನಗೂಳಿಯಿಂದ ಈರುಳ್ಳಿ ಹೇರಲು ಕರೆ ಬಂದಿದೆ, ಮೂರು ಗಂಟೆಯವರೆಗೆ ನೋಡುತ್ತೇನೆ, ಆಮೇಲೆ ತಪ್ಪು ತಿಳಿಯಬೇಡಿ ಎಂದು ಒಮ್ಮೆ ಹೇಳಿದ, ಮತ್ತೆ ಹೇಳಲಿಲ್ಲ. ಸಂಘಮಿತ್ರಾ ಗಡಿಯಾರ ನೋಡಬಾರದೆಂದು ಗೋಡೆಗೆ ಬೆನ್ನು ಮಾಡಿ ಕೂತಳು.

ತಿಪ್ಪವ್ವನಿಗೆ ಹಚ್ಚಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ಮತ್ತೆ ಹಚ್ಚಿದರೆ ಮತ್ತೆ ಅದೇ. ಅವಳೊಬ್ಬಳು ಸಿಕ್ಕು, ಓಟಿಪಿ ಓದಿದ್ದರೆ, ಯಾರಿಗೂ ಕಾಣದ ಹಾಗೆ ಇನ್ನೊಂದು ಪಾಸ್‌ವರ್ಡ್ ಇಟ್ಟು, ಯಾವುದೋ ಕಲ್ಲು ಮಣ್ಣಿನ ಹೆಸರು ಇಟ್ಟು, ಅದನ್ನು ಗುರುನಾಥನಿಗೆ ಧೈರ್ಯವಾಗಿ ಹೇಳಬಹುದಿತ್ತು. ಕುರಿಹಟ್ಟಿಯಲ್ಲಿ ನೆಟ್‌ವರ್ಕ್ ಸಿಗುವ ದಿಬ್ಬ ಹತ್ತುವ ಬುದ್ಧಿ ತಿಪ್ಪವ್ವನಿಗೆ ಯಾಕಾದರೂ ಬರಬಾರದು. ಮಾತಿಗೆ ಸಿಕ್ಕದ ಮುದುಕಿಯ ಮೇಲೆ ಸಿಟ್ಟು ಬಂತು, ಆ ಸಿಟ್ಟಿಗೆ ನಾಚಿಕೆಯೂ ಬಂತು.

ಗುರುನಾಥನ ಫೋನ್ ಮತ್ತೆ ಬಂದಾಗ ಅವನ ದನಿ ಸಣ್ಣದಾಗಿತ್ತು. ಕಂಪನಿಯವರು ಸಿಕ್ಕಿದ್ದರು. ನಿನ್ನೆ ಸಂಜೆ ಪಾಸ್‌ವರ್ಡ್ ಬದಲಾಗಿದೆ, ಬದಲಾದದ್ದು ನಿಮ್ಮ ಕಚೇರಿಯ ಲೈನಿನಿಂದಲೇ ಎನ್ನುತ್ತಾರೆ ಅಂದ. ಬೇರೆ ಯಾರಾದರೂ ಆ ಕಂಪ್ಯೂಟರ್ ಮುಂದೆ ಕೂತಿದ್ದರೇ ಎಂದು ಕೇಳಿದ. ನೀವು ಸುಳ್ಳು ಹೇಳಿದಿರಿ ಎನ್ನುವ ಮಾತು ಅವನ ಮನಸ್ಸಿಗೇ ಬಂದಿರಲಿಲ್ಲ. ಗುಂಡವ್ವ ಫೋನಿನ ಮೇಲೆ ಬಾಗಿ, ನಿನ್ನೆ ನಾನು ಮನೆಗೆ ಹೋಗುವಾಗ ಪ್ರಜ್ಞಾ ಕೂತಿದ್ದಳಲ್ಲ ಅಂದಳು. ಪ್ರಜ್ಞಾ ಸಿಂದಗಿಯಿಂದ ಹೊಸದಾಗಿ ಬಂದ ಹುಡುಗಿ, ಊರುಗಳ ಲೆಕ್ಕ ತುಂಬುವವಳು, ಇವತ್ತು ರಜೆ. ಹೊಸ ಹುಡುಗಿ, ಕೈ ಸುಮ್ಮನಿರುವುದಿಲ್ಲ, ಮೊಬೈಲಿನಲ್ಲಿ ಏನೇನೋ ಒತ್ತುತ್ತಿರುತ್ತಾಳೆ, ಇಂಥ ದಿನವೇ ರಜೆ ಹಾಕಿದ್ದು ನೋಡಿದರೆ ಏನೋ ಇದೆ ಎಂದು ಗುಂಡವ್ವ ಒಂದಕ್ಕೊಂದು ಗಂಟು ಹಾಕುತ್ತ ಹೋದಳು. ಹೊಸ್ತಿಲಿನಿಂದ ಕುತುಬುದ್ದೀನನೂ ತಿರುಗಿ ನೋಡಿದ. ಸಂಘಮಿತ್ರಾಳಿಗೆ ಒಂದು ಗಳಿಗೆ, ಒಂದೇ ಗಳಿಗೆ, ಎದೆ ಹಗುರಾಯಿತು. ಆ ಹಗುರನ್ನು ಅವಳು ಸ್ಪಷ್ಟವಾಗಿ ಕಂಡಳು, ಮತ್ತು ಕಂಡದ್ದರಿಂದ ಬೆಳಗಿನಿಂದ ಬಾರದಷ್ಟು ಹೇಸಿಗೆ ಬಂತು. ಕೆಲಸಕ್ಕೆ ಸೇರಿದ ಮೊದಲ ದಿನ ಆ ಹುಡುಗಿ, ಅಕ್ಕಾ ನೀವು ಇದ್ದೀರೆಂದು ಮನೆಯಲ್ಲಿ ಕಳಿಸಿದರು ಅಂದಿದ್ದಳು.

"ಪ್ರಜ್ಞಾ ಅಲ್ರಿ," ಅಂದಳು. "ನಾನ ಬದಲಿ ಮಾಡೇನಿ."

ಟೈಪ್ ಮಾಡುವ ಹುಡುಗರ ಸದ್ದಿನ ನಡುವೆಯೇ ಗುರುನಾಥ, ಆಯ್ತು, ತೊಂದರೆಯಿಲ್ಲ, ಹೊಸದು ಏನಿಟ್ಟಿದ್ದೀರಿ ಹೇಳಿ, ಒಂದು ನಿಮಿಷದ ಕೆಲಸ ಅಂದ. ಯಾಕೆ ಮುಚ್ಚಿಟ್ಟಿರಿ ಎಂದು ಕೇಳಲಿಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು. ಮರೆತೆ ಎಂದು ಸಂಘಮಿತ್ರಾ ಅನ್ನಬಹುದಿತ್ತು. ಎಷ್ಟು ಸುಲಭದ ಮಾತು. ನಿನ್ನೆ ಇಟ್ಟದ್ದನ್ನು ಇವತ್ತು ಮರೆತಳಂತೆ ಎಂದರೆ ಎಲ್ಲರೂ ನಂಬುತ್ತಾರೆ, ಗುಂಡವ್ವ ನಂಬುತ್ತಾಳೆ, ಹೆಂಗಸರ ಕೈಗೆ ಕಂಪ್ಯೂಟರ್ ಕೊಟ್ಟರೆ ಇನ್ನೇನು ಎಂದು ಇಂಡಿ ಬಜಾರವೆಲ್ಲ ನಂಬುತ್ತದೆ. ಗುರುನಾಥನೂ ನಂಬುತ್ತಾನೆ. ಅದು ಮಾತ್ರ ಆಗಕೂಡದು. ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತಿದ್ದವನು, ಇವಳಿಗೆ ಬರುವುದಿಲ್ಲ ಎಂದು ಕೊನೆಗೂ ಕೈ ಬಿಡುವುದಕ್ಕಿಂತ ತಾನು ನಾಚಿಕೆಗೇಡಿ ಎನಿಸಿಕೊಳ್ಳುವುದೇ ವಾಸಿ ಎಂದು ಅವಳಿಗೆ ಖಚಿತವಾಗಿ ಅನಿಸಿತು, ಮತ್ತು ಆ ಖಚಿತತೆಗೆ ಅವಳೇ ಬೆರಗಾದಳು.

ಅವಳ ಮುಖ ನೋಡುತ್ತಿದ್ದ ಗುಂಡವ್ವನಿಗೆ ಇದ್ದಕ್ಕಿದ್ದಂತೆ ಎಲ್ಲ ಹೊಳೆದುಹೋಯಿತು. ಸೆರಗು ಬಾಯಿಗೆ ಹಿಡಿದು ನಗತೊಡಗಿದಳು.

"ಮಾಸ್ತರ ಹೆಸರ ಇಟ್ಟಾಳ್ರಿ ಸರ್, ಅದಕ್ಕ ಬಾಯಿ ಬರವಲ್ದು. ಒಡಪ ಹಾಕಿ ಹೇಳ ತಂಗಿ, ನಾವು ಯಾರಿಗಿ ಹೇಳೂದಿಲ್ಲ."

ಕುತುಬುದ್ದೀನ ಕೂಡ ಮುಖ ಆಚೆ ಮಾಡಿ ನಕ್ಕ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ, ಮದುವೆ ಸೀಮಂತದಲ್ಲಿ ಮಾತ್ರ ಒಡಪಿನ ಹಾಡಿನೊಳಗೆ ಅದನ್ನು ಜೋಡಿಸಿ ಹೇಳುವ ಹೆಂಗಸರ ನಾಡು ಇದು. ಗುಂಡವ್ವ ತನ್ನ ರೇಷನ್ ಕಾರ್ಡಿನ ಕೆಲಸಕ್ಕೆ ಹೋದಾಗಲೂ ಗಂಡನ ಹೆಸರು ಹೇಳಲಾರದೆ ಪಕ್ಕದವಳಿಂದ ಹೇಳಿಸಿದವಳು. ಸಂಘಮಿತ್ರಾ ಬೆಳೆದ ಮನೆ ಅಂಥದಲ್ಲ. ಅಪ್ಪ ಬುದ್ಧವಂದನೆ ಹೇಳಿಸಿ ಮದುವೆ ಮಾಡಿದವನು. ಗಂಡ ಹೆಂಡತಿ ಇಬ್ಬರೂ ಎದುರೆದುರು ನಿಂತು ಒಬ್ಬರ ಹೆಸರನ್ನೊಬ್ಬರು ನಾಲ್ಕು ಜನ ಕೇಳುವಂತೆ ಹೇಳಬೇಕೆಂದು ಹಟ ಹಿಡಿದು ಹೇಳಿಸಿದ್ದ. ಮದುವೆಯಾದ ಹೊಸತರಲ್ಲಿ ತಾಂಬಾದ ಮನೆಯ ಅಂಗಳದಲ್ಲಿ ಅವಳು, ಪರಮಾನಂದ, ನೀರು ಕಾಯ್ದಾವ ಎಂದು ಸಹಜವಾಗಿ ಕೂಗಿದಳು. ಅತ್ತೆ ಸೀತವ್ವ ಕಸ ಹೊಡೆಯುವುದನ್ನು ನಿಲ್ಲಿಸಿ, ಗಂಡನ ಹೆಸರು ಹಿಡಿದು ಕರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ, ನಿಮ್ಮಪ್ಪ ಇಷ್ಟೂ ಕಲಿಸಲಿಲ್ಲವೇ ಅಂದಳು. ಪರಮಾನಂದ ಅಲ್ಲೇ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಅವನು ನಕ್ಕು ಏನಾದರೂ ಹೇಳಿಯಾನೆಂದು ಅವಳು ನೋಡಿದಳು. ಅವನು ಬಚ್ಚಲ ಕಡೆ ನಡೆದ. ಅವತ್ತಿನಿಂದ ಅವಳು ಆ ಹೆಸರನ್ನು ಬಾಯಿಂದ ಬಿಟ್ಟಳು. ನಂಬಿಕೆಯಿಂದಲ್ಲ, ಸೇಡಿನಿಂದ. ಮಾಸ್ತರು ಅಂದಳು, ಮನೆಯವರು ಅಂದಳು, ಮಗಳು ಹುಟ್ಟಿದ ಮೇಲೆ ಅವರಪ್ಪ ಅಂದಳು. ಅವಳಪ್ಪ ಕಂಡರೆ ತಲೆ ತಗ್ಗಿಸಬೇಕಾದಂಥ ಆ ಮೌನ ಈಗ ಕಚೇರಿಯಲ್ಲಿ ಅವಳನ್ನು ಕಾಯಲು ಬಂದು ನಿಂತಿತ್ತು. ಅವಳು ತಲೆ ತಗ್ಗಿಸಿದಳು, ಗುಂಡವ್ವ ತಿಳಿದಂತೆಯೇ ತಿಳಿಯಲಿ ಎಂದು ತಗ್ಗಿಸಿದಳು. ತಗ್ಗಿಸಿದ ತಲೆಯಲ್ಲಿ ಇನ್ನೊಂದು ವಿಷಯ ಹೊಳೆಯಿತು: ಗುರುನಾಥನನ್ನೂ ಅವಳು ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ.

ಗುರುನಾಥ ನಗಲಿಲ್ಲ. ಹೇಳುವುದು ಬೇಡ ಮೇಡಂ, ನನ್ನ ನಂಬರಿಗೆ ಬರೆದು ಕಳಿಸಿ, ಲಾರಿ ನಿಂತಿದೆಯಂತಲ್ಲ ಅಂದ. ಸಂಘಮಿತ್ರಾ ತನ್ನ ಮೊಬೈಲನ್ನು ಚೀಲದಿಂದ ತೆಗೆದಳು. ಬರೆಯುವಾಗ ಇಲ್ಲಿ ಚುಕ್ಕೆಗಳಿರಲಿಲ್ಲ. ಒಂದೊಂದು ಅಕ್ಷರವೂ ತನ್ನ ಮೈ ತೋರಿಸಿಕೊಂಡು ನಿಂತಿತು. ಗುಂಡವ್ವ ಕತ್ತು ಉದ್ದ ಮಾಡಿದಾಗ ಫೋನನ್ನು ಎದೆಗೆ ಒತ್ತಿಕೊಂಡಳು, ಗುಂಡವ್ವ ಮತ್ತಷ್ಟು ನಕ್ಕಳು. ಹೊರಗೆ ಕುತುಬುದ್ದೀನನ ಫೋನ್ ರಿಂಗಾಯಿತು, ಬಂದೆ ಭಾಯ್, ಬಂದೆ ಎಂದು ಅವನು ಎದ್ದು ನಿಂತ. ಎದ್ದು ನಿಂತ ಅವನ ನೆರಳು ಕೋಣೆಯೊಳಗೆ ಬಿತ್ತು. ಅವಳು ಕಳಿಸಿದಳು. ಸಂದೇಶದ ಕೆಳಗೆ ಬೂದು ಬಣ್ಣದ ಎರಡು ಸರಿಗುರುತುಗಳು ಬಂದವು, ಸ್ವಲ್ಪ ಹೊತ್ತು ಹಾಗೇ ಇದ್ದವು, ನೀಲಿಯಾದವು. ಅವನು ಓದಿದ್ದ.

ಮೇಜಿನ ಮೇಲಿನ ಫೋನಿನಲ್ಲಿ ಹುಡುಗರ ಟಕಟಕ ನಡೆದೇ ಇತ್ತು. ಅವರಲ್ಲೊಬ್ಬ ಸರ್ ಎಂದು ಕರೆದ, ಉತ್ತರ ಸಿಗಲಿಲ್ಲ, ಮತ್ತೆ ಕರೆದ. ಈಗ ಅವನು ನಕ್ಕರೆ, ಈಗ ಅವನು ಗಂಟಲು ಸರಿಮಾಡಿಕೊಂಡರೆ, ಈಗ ಅವನು ಮೇಡಂ ಎಂಬುದನ್ನು ಬೇರೆ ರೀತಿಯಲ್ಲಿ ಅಂದರೆ ಎಂದು ಅವಳು ಒಂದೊಂದನ್ನೂ ಎದುರಿಸಲು ಮೈ ಗಟ್ಟಿ ಮಾಡಿಕೊಂಡಳು. ಅವನು ಏನೂ ಮಾಡಲಿಲ್ಲ. ಕೀಲಿ ಒತ್ತುವ ಸದ್ದು ಕೇಳಿತು, ಅದು ಅವನದೇ, ನಿಧಾನದ್ದು. ತನ್ನ ಹೆಸರನ್ನು ತಾನೇ ಹೊಡೆಯುತ್ತಿದ್ದಾನೆ ಎಂದುಕೊಂಡಳು. ಹಾಕಿದ್ದೇನೆ, ಪುಟ ಮತ್ತೊಮ್ಮೆ ತೆರೆಯಿರಿ ಅಂದ. ತೆರೆದಳು. ಒಂದು ಕ್ಷಣ ಬಿಳಿ, ಆಮೇಲೆ ಸಾಲುಸಾಲಾಗಿ ಊರುಗಳು, ಹೆಣ್ಣುಮಕ್ಕಳ ಹೆಸರುಗಳು, ಚೀಲಗಳು. ಗುಂಡವ್ವ ಪರದೆಗೆ ಕೈಮುಗಿದಳು. ಸಂಘಮಿತ್ರಾ ಮೇಲಿನಿಂದ ಕೆಳಗಿನವರೆಗೆ ಓದಿ ಹೇಳುತ್ತ ಹೋದಳು, ಕುತುಬುದ್ದೀನ ತನ್ನ ಮೊಬೈಲಿಗೆ ಅದನ್ನೆಲ್ಲ ತನ್ನದೇ ದನಿಯಲ್ಲಿ ಹೇಳಿಕೊಂಡು ಓಡಿದ. ಲಾರಿ ಶುರುವಾದ ಸದ್ದು ಓಣಿ ತುಂಬಿತು.

ಗುಂಡವ್ವನಿಗೆ ಮಾತ್ರ ಸಮಾಧಾನವಾಗಿರಲಿಲ್ಲ. ಗುರುನಾಥ ಇಡುವ ಮೊದಲೇ ಫೋನಿಗೆ ಬಾಯಿ ಹಚ್ಚಿದಳು.

"ಖರೇ ಹೇಳ್ರಿ ಸರ್, ಮಾಸ್ತರ ಹೆಸರ ಇತ್ತಲ್ರಿ?"

ಅವನು ಅಂದ, "ಹೌದ್ರಿ. ಮಾಸ್ತರ ಹೆಸರ ಇತ್ತು."

ಫೋನ್ ಇಟ್ಟುಬಿಟ್ಟ. ಗುಂಡವ್ವ ಗೆದ್ದವಳಂತೆ ಸಂಘಮಿತ್ರಾಳ ಕೆನ್ನೆ ಹಿಂಡಿ ಒಳಗೆ ಚಹಾಕ್ಕೆ ಇಡಲು ಹೋದಳು. ಸಂಘಮಿತ್ರಾಳ ಮೊಬೈಲಿನಲ್ಲಿ ಒಂದು ಸಂದೇಶ ಬಂತು. ಈ ಪಾಸ್‌ವರ್ಡ್ ಸುರಕ್ಷಿತ ಅಲ್ಲ, ತಿಪ್ಪವ್ವ ಅವರು ಬಂದ ಕೂಡಲೇ ಬದಲಿ ಮಾಡಿ. ಹೊಸದನ್ನು ಒಳಗೆ ಎಲ್ಲಿ ಹಾಕಬೇಕು ಎಂಬುದನ್ನು ಬರೆದು ಕಳಿಸುತ್ತೇನೆ, ನೀವೇ ಹಾಕಬಹುದು, ನಿಮಗೆ ಬರುತ್ತದೆ. ಅವಳು ಅದನ್ನು ಎರಡು ಸಲ ಓದಿದಳು. ಅವನು ಬೈದಿರಲಿಲ್ಲ, ಕರೆದಿರಲಿಲ್ಲ, ಕನಿಕರವನ್ನೂ ತೋರಿಸಿರಲಿಲ್ಲ. ಮತ್ತೊಮ್ಮೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ, ಇನ್ನು ಮುಂದೆ ಅವು ಅಲ್ಲೇ ಇರುತ್ತವೆ. ಅಳು ಬಂತು. ಗುಂಡವ್ವ ಬರುವಷ್ಟರಲ್ಲಿ ಮುಖ ತೊಳೆದುಕೊಂಡಳು.

ಹೈಸ್ಕೂಲ್ ಬಿಟ್ಟ ಮೇಲೆ ಪರಮಾನಂದ ದಿನದಂತೆ ಮೋಟಾರ್ ಸೈಕಲ್ ತಂದು ಓಣಿಯ ಬಾಯಲ್ಲಿ ನಿಂತ. ಗುಂಡವ್ವ ಕಾದುಕೊಂಡೇ ಇದ್ದಳು. ಸಂಘಮಿತ್ರಾ ಚೀಲ ತೆಗೆದುಕೊಂಡು ಹೊರಗೆ ಬರುವಷ್ಟರಲ್ಲಿ ಹೇಳಿಯಾಗಿತ್ತು; ಸಂಸಾರ ಇಷ್ಟು ವರ್ಷ ಆದಮೇಲೂ ನಿಮ್ಮ ಹೆಸರು ಹೇಳಲು ನಾಚುತ್ತಾಳೆ, ಆದರೆ ಕಂಪ್ಯೂಟರಿನೊಳಗೆ ಇಟ್ಟುಕೊಂಡು ಪೂಜೆ ಮಾಡುತ್ತಾಳೆ ನೋಡಿ ಮಾಸ್ತರೇ ಎಂದು. ಪರಮಾನಂದ ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು, ಬಹುಮಾನ ಕೊಡಲು ವೇದಿಕೆಗೆ ಕರೆದ ಹುಡುಗನಂತೆ ನಿಂತಿದ್ದ. ಅವಳನ್ನು ನೇರ ನೋಡಲಿಲ್ಲ. ಹೋಗೋಣವೇ ಅಂದ, ಅವನ ದನಿ ತುಸು ಒಡೆದಿತ್ತು. ಬಜಾರದಲ್ಲಿ ಗಾಡಿ ನಿಲ್ಲಿಸಿ, ಅವಳು ಬೇಡವೆಂದರೂ ಕೇಳದೆ, ಒಂದು ಮೊಳ ಮಲ್ಲಿಗೆ ಕೊಡಿಸಿದ. ಮಾಲೆ ಕಟ್ಟಿದವಳಿಗೆ, ಇನ್ನಷ್ಟು ಬಿಗಿ ಕಟ್ಟಿ ಕೊಡು ಎಂದು ಅವನೇ ಹೇಳಿದ.

ತಾಂಬಾ ರಸ್ತೆಯಲ್ಲಿ ಎರಡೂ ಕಡೆ ತೊಗರಿ ಹೂವಾಗಿತ್ತು. ಕುತುಬುದ್ದೀನನ ಲಾರಿ ಎದುರಿಗೆ ಬಂದು, ಹಾರ್ನ್ ಹಾಕಿ, ಲಿಂಬೆಯ ವಾಸನೆ ಬಿಟ್ಟು ಹೋಯಿತು. ಇನ್ನು ಮುಗಿಯಿತು ಎಂದು ಸಂಘಮಿತ್ರಾ ಲೆಕ್ಕ ಹಾಕುತ್ತಿದ್ದಳು. ಗುಂಡವ್ವನದು ಚೇಷ್ಟೆ, ಗುರುನಾಥನದು ಮರ್ಯಾದೆ, ಯಾರೂ ಕೆಟ್ಟದ್ದಕ್ಕೆ ಮಾಡಿದ್ದಲ್ಲ. ತಾನು ಸುಮ್ಮನಿದ್ದರೆ ಈ ಸುಳ್ಳು ಒಂದು ಒಳ್ಳೆಯ ನೆನಪಾಗಿ ಮನೆಯಲ್ಲಿ ಉಳಿಯುತ್ತದೆ, ಮಗಳ ಮದುವೆಯಲ್ಲೂ ಯಾರಾದರೂ ಹೇಳಿ ನಗುತ್ತಾರೆ. ಅವನ ಬೆನ್ನಿಗೆ ತಲೆ ಆನಿಸಿದರೆ ಸಾಕು. ಅವನು ಗಾಳಿಗೆ ಕೇಳಿಸುವಂತೆ ಸ್ವಲ್ಪ ತಿರುಗಿ ಮಾತಾಡಿದ.

"ಅವತ್ತ ಅಂಗಳದಾಗ ಅವ್ವ ಅಂದಾಗ ನಾ ಸುಮ್ಮನ ಹೋಗಿಬಿಟ್ಟೆ. ನೀ ಅವತ್ತಿಂದನ ನನ್ನ ಹೆಸರ ಬಿಟ್ಟಿ. ನನಗ ಗೊತ್ತೈತಿ."

ಅವಳು ಹಿಡಿದುಕೊಂಡಿದ್ದ ಸೀಟಿನ ಕಬ್ಬಿಣವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು. ಆ ಬೆಳಗನ್ನು ತಾನೊಬ್ಬಳೇ ಇಟ್ಟುಕೊಂಡಿದ್ದೇನೆ ಎಂದು ಇಷ್ಟು ವರ್ಷ ತಿಳಿದಿದ್ದಳು. ಅವನೂ ಇಟ್ಟುಕೊಂಡಿದ್ದ, ಪ್ರತಿ ದಿನ ಅವರಪ್ಪ, ಮಾಸ್ತರು ಎಂಬುದನ್ನು ಕೇಳಿ, ಯಾಕೆಂದು ಬಲ್ಲವನಾಗಿ, ಓಗೊಟ್ಟಿದ್ದ. ಇವತ್ತು ಒಂದು ಸುಳ್ಳು ಅವನ ಬಾಯಿ ಬಿಡಿಸಿತು. ಅವನು ಕೊಟ್ಟದ್ದು ನಿಜ, ತಾನು ಕೊಟ್ಟದ್ದು ಏನು. ಮಲ್ಲಿಗೆ ಕುತ್ತಿಗೆಗೆ ತಣ್ಣಗೆ ತಾಗುತ್ತಿತ್ತು. ಅವಳು ಕರೆದಳು.

"ಪರಮಾನಂದ."

ಹೆಸರು ಎಲ್ಲೂ ತಡೆಯದೆ ಬಂತು. "ಓ," ಅಂದ ಅವನು, ಕೂಡಲೇ. ಗಾಡಿ ನಿಧಾನವಾಯಿತು, ರಸ್ತೆಯ ಅಂಚಿಗೆ ಇಳಿದು ನಿಂತಿತು. ಅವನು ಹೆಲ್ಮೆಟ್ ತೆಗೆದು ಹಿಂದೆ ತಿರುಗಿ, ಮುಖ ತುಂಬ ನಗುತ್ತ, ಅವಳು ಯಾಕೆ ಕರೆದಳೋ ಅದನ್ನು ಕೇಳಲು ಕಾದ. ಕರೆದ ಮೇಲೆ ನಿಜವನ್ನೇ ಹೇಳಬೇಕು. ಸಂಘಮಿತ್ರಾ ಗಾಡಿಯಿಂದ ಇಳಿದು ಅವನೆದುರು ಬಂದು ನಿಂತಳು.